ಮಗಳಿಗೊಂದು ಪತ್ರ: ಕೊನ್ಫಿರ್ಮೇರೆ ಮಾಡಿಸಿಕೊಳ್ಳಲಾ ಅಂತ ಕೇಳಿದ್ದಕ್ಕೆ

ಪುಟ್ಟಿ,

ಗೆಳತಿಯರೆಲ್ಲ ಮುಂದಿನ ಮೇ ತಿಂಗಳಲ್ಲಿ ಕೊನ್ಫಿರ್ಮೇರೆ ಮಾಡಿಸಿಕೊಳ್ಳುತ್ತಾರೆ, ನಾನೂ ಮಾಡಿಸಿಕೊಳ್ಳಲಾ ಅಂತ ಕೇಳಿದೆಯಲ್ಲ. ಇಲ್ಲಿ ನಾರ್ವೆಯಲ್ಲಿ ಮಕ್ಕಳು 15ರ ಹೊತ್ತಿಗೆ ಮಾಡಿಸಿಕೊಳ್ಳುವ ಸಮಾರಂಭ ಅದು, ಮೂಲದಲ್ಲಿ ಚರ್ಚಿನದ್ದು. ಊಟ ಮಾಡುತ್ತಾ ಹೇಳಿ ಮುಗಿಸುವ ವಿಷಯ ಅಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ. ಬೇಡ ಅನ್ನುವುದಕ್ಕಂತೂ ಅಲ್ಲ.

ಮೊದಲು ಚರ್ಚಿನದ್ದು. ಹಸುಗೂಸಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಮಾಡಿಸಿ ಕ್ರೈಸ್ತರ ಸಭೆಗೆ ಸೇರಿಸುವಾಗ ಮಾತು ಕೊಟ್ಟಿದ್ದು ಅಪ್ಪ ಅಮ್ಮ. ಮಗು ಬೆಳೆದು 15ರ ಹೊತ್ತಿಗೆ ಬಂದಾಗ, ಪಾದ್ರಿಯ ಹತ್ತಿರ ಪಾಠ ಕಲಿತು, ಊರವರ ಮುಂದೆ ಆ ಮಾತು ತನ್ನದೂ ಹೌದು ಅನ್ನುವುದು ಇದರ ಹಿಂದಿನ ವಿಚಾರ. ನಮ್ಮ ಮಂಗಳೂರಿನಲ್ಲೂ ಬಾಸೆಲ್ ಮಿಶನ್ ಕಾಲದ ಚರ್ಚುಗಳಲ್ಲಿ ಇದು ಇದೆ, ಕನ್ನಡದಲ್ಲೇ ನಡೆಯುತ್ತದೆ, ದೃಢೀಕರಣ ಅಂತಾರೆ. ಅಲ್ಲಿ ಬಿಷಪ್ ಬಂದು ತಲೆ ಮೇಲೆ ಕೈ ಇಡುತ್ತಾರೆ, ಇಲ್ಲಿ ನಾರ್ವೆಯಲ್ಲಿ ಊರಿನ ಪಾದ್ರಿಯೇ ಮಾಡಿಸುತ್ತಾರೆ. ನಿನಗೆ ತೊಟ್ಟಿಲು ಶಾಸ್ತ್ರ ಆಗಿದೆ, ದೀಕ್ಷಾಸ್ನಾನ ಆಗಿಲ್ಲ. ಅವರ ಪಾಠಕ್ಕೆ ನೀನೂ ಹೋಗಬಹುದು, ಆದರೆ ಕೊನೆಯ ದಿನ ಅಲ್ಲಿ ನಿಲ್ಲಬೇಕಾದರೆ ಮೊದಲು ದೀಕ್ಷಾಸ್ನಾನ ಆಗಬೇಕು. ಅಜ್ಜಿ ಫೋನಿನಲ್ಲಿ ಗಾಬರಿಯಾಗಿ ಕೇಳಿದ್ದು ಇದನ್ನೇ.

ಒಂದು ಕಾಲದಲ್ಲಿ ಇಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಡೆನ್ಮಾರ್ಕ್ ಮತ್ತು ನಾರ್ವೆ ಒಬ್ಬನೇ ರಾಜನ ಕೈಯಲ್ಲಿದ್ದಾಗ, 1736ರಲ್ಲಿ, ಆರನೇ ಕ್ರಿಸ್ಟಿಯನ್ ಇದನ್ನು ಕಡ್ಡಾಯ ಮಾಡಿದ. ಮಾಡಿಸಿಕೊಳ್ಳದವರಿಗೆ ಮದುವೆಯೂ ಇಲ್ಲ. ಪಾಠ ಕಲಿಯಬೇಕಾದರೆ ಓದು ಬರಬೇಕಲ್ವಾ, ಹಾಗಾಗಿ 1739ರಲ್ಲಿ ಶಾಲೆಗಳ ಕಾನೂನೂ ಬಂತು. ಹಳ್ಳಿಯ ಬಡವರ ಮಕ್ಕಳ ಕೈಗೆ ಅಕ್ಷರ ಸಿಕ್ಕಿದ್ದು ಹೀಗೆ, ಅದು ನನಗೆ ಬಹಳ ದೊಡ್ಡ ವಿಷಯ ಅನಿಸುತ್ತದೆ. ಆದರೆ 'ಹೌದು' ಅನ್ನಲೇಬೇಕು ಅಂತ ಕಾನೂನು ಇದ್ದರೆ ಆ 'ಹೌದಿ'ಗೆ ಬೆಲೆ ಎಲ್ಲಿ? ಆ ಕಡ್ಡಾಯ ಹೋಗಿದ್ದು 20ನೇ ಶತಮಾನದ ಶುರುವಿನಲ್ಲಿ.

ಈಗ ನಿನ್ನ ಮುಂದೆ ಇನ್ನೊಂದು ದಾರಿಯೂ ಇದೆ. ಚರ್ಚು ಬೇಡ ಅನ್ನುವವರಿಗೆ 1951ರಲ್ಲೇ ಓಸ್ಲೋದಲ್ಲಿ ಬೇರೆ ಸಮಾರಂಭ ಶುರುವಾಯಿತು. ಈಗ ಅದನ್ನು ನಡೆಸುತ್ತಿರುವುದು ಹ್ಯೂಮನ್ ಎಟಿಸ್ಕ್ ಫೊರ್ಬುಂಡ್ ಅನ್ನುವ ಮಾನವತಾವಾದಿಗಳ ಸಂಘ. ಅಲ್ಲಿ ದೇವರ ಹೆಸರಿನಲ್ಲಿ ಏನೂ ಕೇಳುವುದಿಲ್ಲ. ಸರಿ ತಪ್ಪು, ಮಾನವ ಹಕ್ಕು, ಯಾರೋ ಹೇಳಿದ್ದನ್ನು ಸುಮ್ನೆ ನಂಬದೆ ಯೋಚಿಸುವುದು, ಇಂಥವುಗಳ ಬಗ್ಗೆ ಒಂದಷ್ಟು ತರಗತಿ, ಆಮೇಲೆ ಸಮಾರಂಭ. ಯಾವ ಧರ್ಮದ ಮನೆಯವರೂ ಸೇರಬಹುದು. ನನ್ನ ಮನಸ್ಸು ಕೇಳಿದರೆ ಇದೇ ನಿನಗೆ ಹೊಂದುತ್ತದೆ, ಯಾಕೆಂದರೆ ಇಲ್ಲಿ ನೀನು ನಂಬದ ಮಾತನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹಾಗಂತ ಏಸುವಿನ ಮಾತು ನಿನಗೆ ನಿಜವಾಗಿ ಮನಸ್ಸಿಗೆ ಹತ್ತಿದ್ದರೆ ಅದನ್ನೂ ನನ್ನ ಹತ್ತಿರ ಹೇಳು, ನಾನು ಕೂತು ಕೇಳುತ್ತೇನೆ, ಅಪ್ಪನೂ ಕೇಳುತ್ತಾರೆ.

ಇನ್ನು ಬುನಾದ್, ಇಲ್ಲಿಯವರ ಸಾಂಪ್ರದಾಯಿಕ ಉಡುಪು. ಗೊತ್ತು, ಆ ಕಸೂತಿ, ಆ ಬೆಳ್ಳಿಯ ಪದಕದಂಥ ಸೊಲ್ಯೆ, ಅದೇ ಉಟ್ಟು ಇಲ್ಲಿಯ ರಾಷ್ಟ್ರೀಯ ದಿನವಾದ ಮೇ 17ರ ಮೆರವಣಿಗೆಗೆ ಹೋಗುವ ಆಸೆ. ಜೊತೆಗೆ ಉಡುಗೊರೆಯ ದುಡ್ಡು. ಆಸೆ ಪಡುವುದರಲ್ಲಿ ನಾಚಿಕೆ ಏನಿದೆ? ಮಕ್ಕಳ ಕಥೆ ಬರೆದ ಎಚ್. ಸಿ. ಆಂಡರ್ಸನ್ 1819ರಲ್ಲಿ ಡೆನ್ಮಾರ್ಕಿನ ಓದೆನ್ಸೆಯಲ್ಲಿ ಇದೇ ಸಮಾರಂಭಕ್ಕೆ ಜೀವನದಲ್ಲೇ ಮೊದಲ ಸಲ ಬೂಟು ಹಾಕಿಕೊಂಡು ಹೋಗಿದ್ದ. ತೀರಿಹೋದ ಅಪ್ಪನ ಕೋಟನ್ನೇ ಕತ್ತರಿಸಿ ಅವನಿಗೆ ಬಟ್ಟೆ ಹೊಲಿಸಿದ್ದರು, ಬೂಟು ಮಾತ್ರ ಹೊಸದು. ನಡೆದಾಗ ಅದು ಕಿರ್ ಕಿರ್ ಅನ್ನುತ್ತಿತ್ತು, ಹೊಸದು ಅಂತ ಎಲ್ಲರಿಗೂ ಗೊತ್ತಾಗುತ್ತದಲ್ಲ ಅಂತ ಖುಷಿ, ದೇವರನ್ನು ಬಿಟ್ಟು ಬೂಟಿನ ಮೇಲೇ ಮನಸ್ಸು ಹೋಯಿತಲ್ಲ ಅಂತ ಸಂಕಟ. ದೇವರೇ ಕ್ಷಮಿಸು ಅಂತ ಬೇಡಿಕೊಂಡ, ಮತ್ತೆ ಬೂಟಿನ ಯೋಚನೆ! ಇದನ್ನೆಲ್ಲ ಅವನೇ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಹಾಗಾಗಿ ಬಟ್ಟೆ ಬೇಕಿದ್ದರೆ ಬಟ್ಟೆ ಬೇಕು ಅಂತಲೇ ಕೇಳು, ಮಗಳೇ. ಬುನಾದ್ ತುಂಬಾ ದುಬಾರಿ, ಕೂಡಲೇ ಹೂಂ ಅನ್ನಲು ಆಗುವುದಿಲ್ಲ, ಆದರೆ ಅದಕ್ಕೆ ಬೇರೆಯಾಗಿ ದುಡ್ಡು ಕೂಡಿಡಬಹುದು. ಅಥವಾ ಅಜ್ಜಿಯ ರೇಷ್ಮೆ ಸೀರೆ ಇದೆ, ಉಡುತ್ತೀಯಾ ಅಂತ ಯೋಚಿಸು. ಹೆಸರು ನೋಂದಾಯಿಸುವ ಮುಂಚೆ ನಾವು ಮೂವರೂ ಒಮ್ಮೆ ಕೂತು ಮಾತಾಡೋಣ. ಅಲ್ಲಿಯವರೆಗೆ ಎರಡೂ ಕಡೆಯ ಪಾಠದಲ್ಲಿ ಏನೇನಿದೆ ಅಂತ ನೀನೇ ಓದಿಟ್ಟುಕೋ.

ಪ್ರೀತಿಯಿಂದ,
ಅಮ್ಮ