ಕಣ್ಮರೆಯಾದವರ ಶೋಧಕ್ಕೆ ಮಾನವಶಾಸ್ತ್ರಜ್ಞರೂ ಬೇಕು

ಬಲವಂತವಾಗಿ ಕಣ್ಮರೆಯಾದವರ, ಅಂದರೆ ಯಾರೋ ಹಿಡಿದೊಯ್ದು ಸುಳಿವೇ ಸಿಗದಂತೆ ಮಾಡಿದವರ, ಶೋಧವೆಂದರೆ ನೆಲ ಅಗೆದು ಡಿಎನ್‌ಎ ಪರೀಕ್ಷಿಸುವುದಷ್ಟೇ ಅಲ್ಲ ಎಂಬುದಕ್ಕೆ ಪೆರು ದೇಶವೇ ಸಾಕ್ಷಿ. 1980ರಿಂದ 2000ದವರೆಗೆ ಸರ್ಕಾರಿ ಪಡೆಗಳು ಮತ್ತು ಬಂಡುಕೋರರ ನಡುವೆ ನಡೆದ ಸಂಘರ್ಷದಲ್ಲಿ ಅಲ್ಲಿ ಸುಮಾರು 20 ಸಾವಿರ ಮಂದಿ ಕಾಣೆಯಾದರು. ಅವರಲ್ಲಿ ಬಹಳಷ್ಟು ಜನ ಆಂಡಿಸ್ ಬೆಟ್ಟಸೀಮೆಯ ಕೆಚುವಾ ಭಾಷಿಕ ರೈತರು. ಎಲ್ಲಿ ಅಗೆಯಬೇಕೆಂಬ ಸುಳಿವು ಎಷ್ಟೋ ಕಡೆ ಕಡತದಲ್ಲಿರಲಿಲ್ಲ, ಊರಿನವರ ನೆನಪಿನಲ್ಲಿತ್ತು. ಅವರ ಭಾಷೆ, ಬಾಯಿ ಬಿಡಲು ಅವರಿಗಿರುವ ಭಯ ಎರಡನ್ನೂ ಬಲ್ಲ ಸಾಮಾಜಿಕ ಮಾನವಶಾಸ್ತ್ರಜ್ಞರು (ಜನರ ಬದುಕು, ಸಂಸ್ಕೃತಿಯನ್ನು ಅಧ್ಯಯನ ಮಾಡುವವರು) ಅಂಗಳದಲ್ಲಿ ಕುಳಿತು ಸಾವಧಾನವಾಗಿ ಕೇಳಿದರೆ ಮಾತ್ರ ಅದು ಬಾಯಿಗೆ ಬರುತ್ತದೆ. ಹೆಣ ಹೂತ ಗುಂಡಿಯಿಂದ ತೆಗೆದ ಸ್ವೆಟರಿನ ಹೆಣಿಗೆ ನೋಡಿ ಮಗನನ್ನು ಗುರುತಿಸುವ ತಾಯಿಗೆ ಪ್ರಯೋಗಾಲಯದ ವರದಿಯೊಂದನ್ನೇ ಕೈಗಿಟ್ಟು ಕಳಿಸಲಾದೀತೆ? ಬಲವಂತದ ಕಣ್ಮರೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 2007ರಲ್ಲೇ ಸಹಿ ಹಾಕಿದ್ದರೂ ಅನುಮೋದಿಸಿಲ್ಲ. ಕೇಂದ್ರ ಸರ್ಕಾರ ಅದನ್ನು ಅನುಮೋದಿಸಿ, ಶೋಧ ತಂಡಗಳಲ್ಲಿ ಸ್ಥಳೀಯ ಭಾಷೆ ಬಲ್ಲ ಮಾನವಶಾಸ್ತ್ರಜ್ಞರಿಗೆ ಕಡ್ಡಾಯವಾಗಿ ಸ್ಥಾನ ನೀಡಲಿ.