ತಿಲಾಪಿಯಾ ಮರಿ: ದಿನ ಎಣಿಸಿದರೆ ಸಾಲದು, ಉದ್ದ ಅಳೆಯಬೇಕು

ಮಾನ್ಯ ಸಂಪಾದಕರೇ,

‘ನೂರಕ್ಕೆ ನೂರು ಗಂಡು’ ಎಂಬ ಮಾತು ನಂಬಿ ಕೃಷಿಹೊಂಡಕ್ಕೆ ತಿಲಾಪಿಯಾ ಮರಿ ಬಿಟ್ಟವರು, ನಾಲ್ಕೈದು ತಿಂಗಳಲ್ಲಿ ಹೊಂಡದ ತುಂಬ ಪುಟ್ಟ ಮರಿಗಳು ಓಡಾಡುವುದನ್ನು ಕಂಡು ನೀರನ್ನೋ ಮೇವನ್ನೋ ದೂರುತ್ತಾರೆ. ಎಡವಟ್ಟು ಹೊಂಡದಲ್ಲಿ ಆಗಿದ್ದಲ್ಲ. ಆ ಮೀನು ಒಂದು ಸೆಂಟಿಮೀಟರ್ ಉದ್ದ ಇದ್ದಾಗಲೇ, ಮರಿ ಉತ್ಪಾದನಾ ಕೇಂದ್ರದಲ್ಲಿ ಆಗಿಹೋಗಿರುತ್ತದೆ. ಹಾಸನ, ಚಿಕ್ಕಮಗಳೂರಿನಂಥ ತಂಪು ಸೀಮೆಯಲ್ಲಿ ಚಳಿಯೂ ಅದಕ್ಕೆ ಕೈಜೋಡಿಸುತ್ತದೆ.

ಕಾಟ್ಲಾ, ರೋಹುಗಳಿಗೆ ಈ ತಾಪತ್ರಯವಿಲ್ಲ, ಅವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನಿನ ಜಾತಿ, ಮೂರ್ನಾಲ್ಕು ತಿಂಗಳಿಗೇ ಮೊಟ್ಟೆಗೆ ಬರುತ್ತದೆ. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ಅಷ್ಟು ದಿನ ಮೇವು ತಿನ್ನುವುದಿಲ್ಲ, ಬೆಳೆಯುವುದೂ ಇಲ್ಲ. ಸಾವಿರ ಮರಿಯಲ್ಲಿ ಐವತ್ತು ಹೆಣ್ಣು ಉಳಿದರೂ ಸಾಕು. ಒಂದೊಂದೂ ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುವುದರಿಂದ ನೀವು ಹಾಕಿದ ಮೇವೆಲ್ಲ ಆ ಪುಡಿಮರಿಗಳ ಪಾಲಾಗುತ್ತದೆ.

ಸಾಕಣೆಯ ನೈಲ್ ತಿಲಾಪಿಯಾದಲ್ಲಿ ಲಿಂಗ ನಿರ್ಧರಿಸುವ ಕ್ರೋಮೋಸೋಮ್ ಜೋಡಿ ಎಕ್ಸ್‌ಎಕ್ಸ್ ಇದ್ದರೆ ಹೆಣ್ಣು, ಎಕ್ಸ್‌ವೈ ಇದ್ದರೆ ಗಂಡು. ಆದರೆ ಹುಟ್ಟಿದ ಮೊದಲ ಮೂರ್ನಾಲ್ಕು ವಾರ ಈ ತೀರ್ಮಾನ ಇನ್ನೂ ಹಸಿ. ಮರಿಯೊಳಗೆ ಅರೋಮಟೇಸ್ ಎಂಬ ಕಿಣ್ವ ಗಂಡು ಹಾರ್ಮೋನನ್ನು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ. ಈಸ್ಟ್ರೋಜನ್ ಸಾಕಷ್ಟು ಇದ್ದರೆ ಅಂಡಾಶಯ ಬೆಳೆಯುತ್ತದೆ, ಇಲ್ಲವಾದರೆ ವೃಷಣ. ನೀರನ್ನು ಸುಮಾರು 36 ಡಿಗ್ರಿಗೆ ಏರಿಸಿ ಹತ್ತು ದಿನಕ್ಕೂ ಹೆಚ್ಚು ಇಟ್ಟರೆ ಅರೋಮಟೇಸ್ ಕುಗ್ಗಿ, ಎಕ್ಸ್‌ಎಕ್ಸ್ ಮರಿಗಳಲ್ಲೂ ಕೆಲವು ಗಂಡಾಗುತ್ತವೆ. ಯುರೋಪಿನ ಸೀಬಾಸ್ ಎಂಬ ಮೀನಿನ ಸಾಕಣೆಯಲ್ಲೂ ಎಳೆಯ ಮರಿಗೆ ನೀರು ಬಿಸಿಯಾದರೆ ಗಂಡೇ ಜಾಸ್ತಿ. ಆದರೆ ತಿಲಾಪಿಯಾದಲ್ಲಿ ಒಂದು ತಾಯಿಯ ಮರಿಗಳಿಗೆ ಹಿಡಿಸುವ ಈ ಬಿಸಿ ಇನ್ನೊಂದರ ಮರಿಗಳಿಗೆ ಹಿಡಿಸುವುದಿಲ್ಲ, ಸಾಯುವ ಮರಿಗಳೂ ಹೆಚ್ಚು. ಬರೀ ಬಿಸಿಯನ್ನು ನಂಬಿ ವ್ಯಾಪಾರ ಮಾಡಲಾಗದು.

ಹಾಗಾಗಿ ರೂಢಿಯಲ್ಲಿರುವುದು 17-ಆಲ್ಫಾ ಮೀಥೈಲ್ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ಮರಿಯ ಮೇವಿಗೆ ಬೆರೆಸುವುದು. ಪ್ರಮಾಣ ಒಂದು ಕಿಲೋ ಮೇವಿಗೆ 60 ಮಿಲಿಗ್ರಾಂ. ಇದು ನೀರಿನಲ್ಲಿ ಕರಗುವುದಿಲ್ಲ. ಒಂದು ಲೀಟರ್ ಈಥೈಲ್ ಆಲ್ಕೋಹಾಲಿಗೆ 6 ಗ್ರಾಂ ಕರಗಿಸಿಟ್ಟುಕೊಂಡು, ಅದರಲ್ಲಿ 10 ಮಿಲಿಲೀಟರನ್ನು ಮತ್ತೆ 200 ಮಿಲಿಲೀಟರಿನಷ್ಟು ಆಲ್ಕೋಹಾಲಿಗೆ ಬೆರೆಸಿ, ಶೇ 40ಕ್ಕೂ ಹೆಚ್ಚು ಪ್ರೋಟೀನ್ ಇರುವ ಒಂದು ಕಿಲೋ ನುಣುಪು ಪುಡಿಮೇವಿಗೆ ಸಿಂಪಡಿಸಿ ಚೆನ್ನಾಗಿ ಕಲಸಬೇಕು. ನೆರಳಿನಲ್ಲಿ, ಆಲ್ಕೋಹಾಲ್ ವಾಸನೆ ಪೂರ್ತಿ ಹೋಗುವವರೆಗೆ ಆರಿಸಬೇಕು. ಬಿಸಿಲಿಗೆ ಹರವಿದರೆ ಹಾರ್ಮೋನು ಕೆಡುತ್ತದೆ. ಉಳಿದದ್ದು ಫ್ರಿಜ್ಜಿನಲ್ಲಿರಲಿ. ಕಲಸುವವರು ಕೈಗವಸು, ಮಾಸ್ಕ್ ಹಾಕಿಕೊಳ್ಳಲೇಬೇಕು, ಗರ್ಭಿಣಿಯರು ಈ ಕೆಲಸಕ್ಕೆ ಬರಲೇಬಾರದು. ‘ಇನ್ನಷ್ಟು ಹಾಕಿದರೆ ಇನ್ನಷ್ಟು ಗಂಡು’ ಎಂಬ ಲೆಕ್ಕವೂ ತಪ್ಪು: ಮಿತಿ ಮೀರಿದರೆ ಅರೋಮಟೇಸ್ ಈ ಹಾರ್ಮೋನನ್ನೇ ಈಸ್ಟ್ರೋಜನ್ ಜಾತಿಯದಾಗಿ ತಿರುಗಿಸಿ ಕೆಲಸ ಉಲ್ಟಾ ಆಗುತ್ತದೆ.

ಮೇವು ಶುರು ಮಾಡುವಾಗ ಮರಿ 9ರಿಂದ 11 ಮಿಲಿಮೀಟರ್ ಇರಬೇಕು. 14 ದಾಟಿದ ಮರಿಯನ್ನು ಬಲೆಯಲ್ಲಿ ಸೋಸಿ ತೆಗೆಯಬೇಕು, ಏಕೆಂದರೆ ಅದರೊಳಗೆ ಆಗಲೇ ಹೆಣ್ಣೋ ಗಂಡೋ ತೀರ್ಮಾನವಾಗಿರುತ್ತದೆ. ಮೊದಲ ವಾರ ಮೈತೂಕದ ಶೇ 20ರಿಂದ 30ರಷ್ಟು ಮೇವನ್ನು ದಿನಕ್ಕೆ ನಾಲ್ಕು ಸಲಕ್ಕಿಂತ ಕಡಿಮೆ ಇಲ್ಲದಂತೆ ಹಂಚಿ ಕೊಡಬೇಕು, ಆಮೇಲೆ ಇಳಿಸುತ್ತ ಬರಬೇಕು. 28 ಡಿಗ್ರಿ ಆಸುಪಾಸಿನ ನೀರಿನಲ್ಲಿ 21ರಿಂದ 28 ದಿನಕ್ಕೆ ಕೆಲಸ ಮುಗಿಯುತ್ತದೆ.

ನಮ್ಮಲ್ಲಿ ಕೈಕೊಡುವುದು ಇಲ್ಲೇ. ಡಿಸೆಂಬರ್, ಜನವರಿಯ ಬೆಳಗ್ಗೆ ತೊಟ್ಟಿಯ ನೀರು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಮರಿಗಳು ತಳ ಹಿಡಿದು ನಿಂತಿರುತ್ತವೆ, ಹಾಕಿದ ಪುಡಿ ಮೂಲೆಯಲ್ಲಿ ಕೆನೆಗಟ್ಟಿರುತ್ತದೆ. ಚಳಿಯೇ ಮರಿಯನ್ನು ಹೆಣ್ಣು ಮಾಡುತ್ತದೆ ಎಂದಲ್ಲ. ಮರಿ ತಿನ್ನಲಿಲ್ಲ, ಹಾರ್ಮೋನು ಒಳಗೆ ಹೋಗಲಿಲ್ಲ, ಮರಿ ಬೆಳೆಯಲೂ ಇಲ್ಲ. ಆದರೂ ಕ್ಯಾಲೆಂಡರಿನಲ್ಲಿ 28 ದಿನ ಆಯಿತೆಂದು ಮಾಮೂಲು ಮೇವಿಗೆ ಬದಲಾಯಿಸುತ್ತಾರೆ. ಚಿಕಿತ್ಸೆ ನಿಲ್ಲಿಸುವ ಮುನ್ನ ಅತಿ ಸಣ್ಣ ಮರಿಯೂ 14 ಮಿಲಿಮೀಟರ್ ದಾಟಿರಬೇಕು. ದಾಟದಿದ್ದರೆ ಹಾರ್ಮೋನು ಮೇವು ಮುಂದುವರಿಯಲಿ. ತೊಟ್ಟಿಗೆ ಪಾಲಿಥಿನ್ ಹೊದಿಕೆ ಹಾಕಿ, ಬಿಸಿಲೇರಿದ ಮೇಲೆ ಮೊದಲ ಮೇವು ಕೊಡಿ. ಅದೂ ಆಗದಿದ್ದರೆ ಆ ಎರಡು ತಿಂಗಳು ಮರಿ ಮಾಡುವುದನ್ನೇ ಬಿಡುವುದು ಮೇಲು.

ಇನ್ನೊಂದು ಅನಾಹುತ: ಹೀಗೆ ಗಂಡಾದ ಮೀನುಗಳನ್ನೇ ಕೆಲವರು ತಳಿಗೆ ಇಟ್ಟುಕೊಳ್ಳುತ್ತಾರೆ. ಅವುಗಳಲ್ಲಿ ಅರ್ಧದಷ್ಟು ಒಳಗೆ ಇನ್ನೂ ಎಕ್ಸ್‌ಎಕ್ಸ್. ಅಂಥ ಗಂಡನ್ನು ಹೆಣ್ಣಿನ ಜೊತೆ ಬಿಟ್ಟರೆ ಹುಟ್ಟುವುದು ಬಹುತೇಕ ಹೆಣ್ಣೇ.

ಪರೀಕ್ಷೆ ಕಷ್ಟವೇನಲ್ಲ. ಐದಾರು ಸೆಂಟಿಮೀಟರ್ ಆದ ಮರಿಯ ಹೊಟ್ಟೆ ಸೀಳಿದರೆ ಬೆನ್ನಿನ ಒಳಬದಿಗೆ ಅಂಟಿದಂತೆ ದಾರದಷ್ಟು ತೆಳ್ಳನೆಯ ಎರಡು ಎಳೆ ಸಿಗುತ್ತವೆ. ಅವನ್ನು ಗಾಜಿನ ಮೇಲಿಟ್ಟು ಅಸಿಟೋಕಾರ್ಮೈನ್ ಬಣ್ಣ ಬಿಟ್ಟು ಅಮುಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹೆಣ್ಣಿನಲ್ಲಿ ದುಂಡು ದುಂಡು ಮೊಟ್ಟೆಕೋಶ, ಗಂಡಿನಲ್ಲಿ ಬರೀ ಸಣ್ಣ ಚುಕ್ಕೆಗಳು. ಒಂದು ತಂಡಕ್ಕೆ ನೂರು ಮರಿಯನ್ನಾದರೂ ನೋಡಬೇಕು. ಐವತ್ತು ಗ್ರಾಂ ದಾಟಿದ ಮೀನಾದರೆ ರೈತರೇ ಗುರುತಿಸಬಹುದು: ಗುದದ ಹಿಂದೆ ಮೊಳಕೆಯಂತಿರುವ ಪುಟ್ಟ ಉಬ್ಬಿನಲ್ಲಿ ಹೆಣ್ಣಿಗೆ ಅಡ್ಡ ಸೀಳು ಇರುತ್ತದೆ, ಗಂಡಿಗೆ ತುದಿಯಲ್ಲಿ ಒಂದೇ ತೂತು. ಒಂದು ಹನಿ ನೀಲಿ ಶಾಯಿ ಸವರಿದರೆ ಸೀಳು ಎದ್ದು ಕಾಣುತ್ತದೆ.

‘ಹಾರ್ಮೋನು ಮೀನು’ ಎಂದು ಹೆದರುವ ಗ್ರಾಹಕರಿಗೂ ಒಂದು ಮಾತು. ಹಾರ್ಮೋನು ಮೇವು ನಿಲ್ಲುವಾಗ ಮರಿ ಒಂದು ಗ್ರಾಂ ಕೂಡ ತೂಗುವುದಿಲ್ಲ. ಮೀನು ತಟ್ಟೆಗೆ ಬರುವುದು ಅದಾಗಿ ತಿಂಗಳುಗಟ್ಟಲೆ ಕಳೆದ ಮೇಲೆ, ಅಷ್ಟರಲ್ಲಿ ಹಾರ್ಮೋನು ಮೈಯಿಂದ ಹೊರಟುಹೋಗಿರುತ್ತದೆ. ನಿಜವಾಗಿ ಚಿಂತಿಸಬೇಕಾದದ್ದು ತೊಟ್ಟಿಯ ಕೊಳೆನೀರು. ಅದನ್ನು ನೇರ ಹಳ್ಳಕ್ಕೆ ಬಿಡದೆ, ತಂಗುಗುಂಡಿಯಲ್ಲಿ ನಿಲ್ಲಿಸಿ ಬಿಡಬೇಕು. ಬೆಳೆದ ಮೀನಿಗೆ ‘ಗಂಡು ಮಾಡುವ ಮೇವು’ ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ಹೊತ್ತು ಮೀರಿದ ಮೇಲೆ ಅದು ದುಡ್ಡು ದಂಡ.

ತಿಲಾಪಿಯಾ ಸಾಕಲು ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು. ಅದರ ಜೊತೆಗೇ, ಮರಿ ಮಾರುವವರು ಪ್ರತಿ ತಂಡಕ್ಕೂ ಒಂದು ಚೀಟಿ ಕೊಡುವಂತೆ ಎರಡೂ ಜಿಲ್ಲೆಗಳಲ್ಲಿ ಕಡ್ಡಾಯ ಮಾಡಬೇಕೆಂದು ಕೋರುತ್ತೇವೆ: ಶುರುವಿನ ಉದ್ದ, ಕೊನೆಯ ಉದ್ದ, ಮೇವು ಕೊಟ್ಟ ದಿನ, ಬೆಳಗಿನ ನೀರಿನ ಉಷ್ಣಾಂಶ, ಪರೀಕ್ಷೆಯಲ್ಲಿ ನೂರಕ್ಕೆ ಎಷ್ಟು ಹೆಣ್ಣು ಸಿಕ್ಕಿತು. ಐದಕ್ಕಿಂತ ಹೆಚ್ಚಿದ್ದರೆ ಆ ಮರಿಯನ್ನು ಹೇಮಾವತಿ, ಯಗಚಿ ನದಿಗಳಿಗೆ ಕೋಡಿ ಹರಿಯುವ ಹೊಂಡಗಳಿಗಂತೂ ಮಾರಬಾರದು.

– ಮೀನುಮರಿ ಉತ್ಪಾದಕರು, ಆಲೂರು ತಾಲ್ಲೂಕು, ಹಾಸನ ಜಿಲ್ಲೆ