ನಮ್ಮ ತಿರುವಿಗೊಂದು ಫಲಕ ಹಾಕಿಸಿ: ಪಾಲಿಕೆಯ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ,

ಬೆಂಗಳೂರಿನ ಜಯನಗರ 4ನೇ ‘ಟಿ’ ಬ್ಲಾಕ್‌ನಿಂದ ಗೌರವಪೂರ್ವಕ ನಮಸ್ಕಾರಗಳು. ಆ ‘ಟಿ’ ಅಕ್ಷರವನ್ನು ದಯವಿಟ್ಟು ಬಿಟ್ಟು ಓದಬೇಡಿ. ಅದನ್ನು ಬಿಟ್ಟು ಓದುವವರಿಂದಲೇ ನಾನು ಈ ಪತ್ರ ಬರೆಯಬೇಕಾಗಿ ಬಂದಿದೆ.

ನಮ್ಮ ಅಡ್ಡರಸ್ತೆಯ ತಿರುವಿನಲ್ಲಿದ್ದ ಕಲ್ಲಿನ ಫಲಕವನ್ನು ಚರಂಡಿ ಕೆಲಸಕ್ಕೆಂದು ಕಿತ್ತು ಆರು ವರ್ಷಗಳಾದವು. ಈವರೆಗೆ ಏಳು ಅರ್ಜಿಗಳನ್ನು ಕೊಟ್ಟಿದ್ದೇನೆ. ಎರಡಕ್ಕೆ ಸ್ವೀಕೃತಿ ಸಿಕ್ಕಿದೆ, ಒಂದಕ್ಕೂ ಫಲಕ ಸಿಕ್ಕಿಲ್ಲ. ರಸ್ತೆಗೆ ಹೆಸರು, ಮನೆಗೆ ಸಂಖ್ಯೆ, ತಿರುವಿಗೆ ಫಲಕ, ಇವು ಪಾಲಿಕೆಯ ಹೊಣೆಯೆಂದು ಕಾಯ್ದೆಯಲ್ಲಿ ಎಲ್ಲಿ ಬರೆದಿದೆ ಎಂಬುದು ತಮಗೆ ಗೊತ್ತಿರುವ ವಿಷಯವಾದ್ದರಿಂದ ಅದನ್ನು ವಿವರಿಸಲು ಹೋಗುವುದಿಲ್ಲ.

1948ರಲ್ಲಿ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಅವರು ಶಂಕುಸ್ಥಾಪನೆ ಮಾಡಿದ ಬಡಾವಣೆ ಇದು. ಅದರ ನೆನಪಿಗೆ ಅಶೋಕ ಸ್ತಂಭ ಇಂದಿಗೂ ನಿಂತಿದೆ. ಸೌತ್ ಎಂಡ್ ಸರ್ಕಲ್ ಎಂಬ ಹೆಸರೇ ಹೇಳುವಂತೆ ಆಗ ಊರಿನ ತೆಂಕಣ ತುದಿ ಅಲ್ಲಿಯೇ. ಅದರಾಚೆಗಿನ ಬೈರಸಂದ್ರ, ಯಡಿಯೂರು, ಸಿದ್ದಾಪುರ, ಮಾರೇನಹಳ್ಳಿಗಳ ಸುತ್ತಿನ ಹೊಲ ತೋಟಗಳಲ್ಲಿ ಹಂತಹಂತವಾಗಿ ಬ್ಲಾಕುಗಳು ಎದ್ದವು. ನಮ್ಮ ಮಾವನವರಿಗೆ ನಿವೇಶನ ಕೊಟ್ಟದ್ದು ಅಂದಿನ ನಗರ ಸುಧಾರಣಾ ಮಂಡಳಿ, ಅಂದರೆ ಸಿ.ಐ.ಟಿ.ಬಿ.; 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿ.ಡಿ.ಎ.) ಬಂದಿತು. ಬ್ಲಾಕು, ಮುಖ್ಯರಸ್ತೆ, ಅಡ್ಡರಸ್ತೆ ಎಂದು ಎಲ್ಲಕ್ಕೂ ಸಂಖ್ಯೆ ಕೊಟ್ಟ ಆ ಕಾಲದ ಅಧಿಕಾರಿಗಳ ಲೆಕ್ಕಾಚಾರ ಬಹಳ ಸರಳವಾಗಿತ್ತು: ಎಣಿಸಲು ಬರುವವನಿಗೆ ಮನೆ ಸಿಗಬೇಕು. ಆದರೆ ಸಂಖ್ಯೆಯನ್ನು ಬರೆದು ನೆಟ್ಟ ಕಲ್ಲೇ ಇಲ್ಲದಿದ್ದರೆ ಎಣಿಕೆಯನ್ನು ಎಲ್ಲಿಂದ ಆರಂಭಿಸುವುದು? ಹಳ್ಳಿಯ ಹೆಸರಿದ್ದಿದ್ದರೆ ಕೇಳಿಕೊಂಡಾದರೂ ಬರಬಹುದಿತ್ತು. ಬೈರಸಂದ್ರದಲ್ಲಿ ದಾರಿ ತಪ್ಪಿದವರನ್ನು ನಾನು ಕಂಡಿಲ್ಲ.

ಬಸ್ ನಿಲ್ದಾಣ, ವಾಣಿಜ್ಯ ಸಂಕೀರ್ಣ ಇರುವ 4ನೇ ಬ್ಲಾಕ್ ಬೇರೆ, ನಮ್ಮ 4ನೇ ‘ಟಿ’ ಬ್ಲಾಕ್ ಬೇರೆ. ಅಂಚೆಯವರು ಅದಕ್ಕೆ 560011, ನಮಗೆ 560041 ಎಂದು ಪಿನ್‌ಕೋಡನ್ನೇ ಬೇರೆ ಮಾಡಿದ್ದಾರೆ. ಹೊರಗಿನವರಿಗೆ ಮಾತ್ರ ಎರಡೂ ಒಂದೇ.

ಕಳೆದ ಕಾರ್ತಿಕದಲ್ಲಿ ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ನಮ್ಮ ಯಜಮಾನರಿಗೆ ಎದೆನೋವು ಕಾಣಿಸಿಕೊಂಡು ಮೈಯೆಲ್ಲ ಬೆವರಿ ತಣ್ಣಗಾಯಿತು. ಆಂಬುಲೆನ್ಸ್‌ಗೆ ಕರೆ ಮಾಡಿ ವಿಳಾಸವನ್ನು ಎರಡು ಸಲ ಬಿಡಿಸಿ ಹೇಳಿದೆ. ಗಾಡಿ ಹೋಗಿ ನಿಂತದ್ದು 4ನೇ ಬ್ಲಾಕ್‌ನ ಬಸ್ ನಿಲ್ದಾಣದ ಬಳಿ. ಅಲ್ಲಿಂದ ನಮ್ಮ ಕಡೆಗೆ ತಿರುಗಿದ ಚಾಲಕ, ಫಲಕವಿಲ್ಲದ ಮೂರು ಅಡ್ಡರಸ್ತೆಗಳಿಗೆ ನುಗ್ಗಿ ಹಿಂದೆ ಸರಿದು, ನಾಲ್ಕನೆಯದೂ ಅಲ್ಲವೆಂದು ಮುಂದೆ ಹೋದದ್ದನ್ನು ನಾನು ಗೇಟಿನಲ್ಲಿ ನಿಂತು ಸೈರನ್ ಸದ್ದಿನಿಂದಲೇ ತಿಳಿದುಕೊಂಡೆ. ಸದ್ದು ಹತ್ತಿರ ಬಂದು ದೂರವಾಗುವುದನ್ನು, ಒಳಗೆ ಮಲಗಿದ್ದ ಅವರು ನರಳುವುದನ್ನು ಒಟ್ಟಿಗೆ ಕೇಳಬೇಕಾಯಿತು, ಸ್ವಾಮಿ. ಕೊನೆಗೆ ಎಪ್ಪತ್ತೊಂದು ವರ್ಷದ ನಾನು ಬರಿಗಾಲಲ್ಲಿ ಮುಖ್ಯರಸ್ತೆಗೆ ಓಡಿ ಟಾರ್ಚು ಬೀಸಿ ಕರೆದುಕೊಂಡು ಬಂದೆ. ಇಪ್ಪತ್ತಾರು ನಿಮಿಷ ಹೋಗಿತ್ತು. ಅವರು ಉಳಿದರು, ಆದರೆ ಇಂದು ಮಹಡಿ ಮೆಟ್ಟಿಲು ಹತ್ತಲಾರರು. ಚಾಲಕನನ್ನು ನಾನು ದೂರುವುದಿಲ್ಲ, ಇಲ್ಲದ ಫಲಕವನ್ನು ಆತನಾದರೂ ಹೇಗೆ ಓದಿಯಾನು?

ನಮ್ಮ ತಿರುವಿನಲ್ಲಿ ಫಲಕಗಳೇ ಇಲ್ಲವೆಂದರೆ ತಪ್ಪಾದೀತು. ಸಿಮೆಂಟ್ ಬೆಂಚಿನ ಮೇಲೆ ಅದನ್ನು ಕೊಡಿಸಿದ ಪಾಲಿಕೆ ಸದಸ್ಯರ ಹೆಸರು ಕೆಂಪು ಅಕ್ಷರಗಳಲ್ಲಿದೆ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದರೂ ಬೆಂಚಿನ ಮೇಲೆ ಅವರ ಅಧಿಕಾರ ಮುಂದುವರಿದಿದೆ. ನಿಷೇಧವಿರುವ ಫ್ಲೆಕ್ಸ್‌ಗಳಂತೂ ಹುಟ್ಟುಹಬ್ಬಕ್ಕೊಂದು, ಹಬ್ಬಕ್ಕೊಂದು ರಾತ್ರೋರಾತ್ರಿ ಎದ್ದು ನಿಲ್ಲುತ್ತವೆ. ಅಷ್ಟು ದೊಡ್ಡ ನಗುಮುಖಗಳ ಕೆಳಗೆ ‘ಇದು 4ನೇ ಟಿ ಬ್ಲಾಕ್’ ಎಂದು ಒಂದು ಸಾಲು ಬರೆಸಿದ್ದರೂ ಆ ರಾತ್ರಿ ನಮಗೆ ಉಪಕಾರವಾಗುತ್ತಿತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ತಿರುವಿನಲ್ಲಿ ಬ್ಲಾಕು, ಮುಖ್ಯರಸ್ತೆ ಮತ್ತು ಅಡ್ಡರಸ್ತೆಯ ಸಂಖ್ಯೆಗಳನ್ನು, ಅವುಗಳ ಕೆಳಗೆ ಆ ನೆಲದ ಹಳೆಯ ಹಳ್ಳಿಯ ಹೆಸರನ್ನು, ಕತ್ತಲಲ್ಲೂ ಕಾಣುವಂತೆ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಬರೆಸಿ ನೆಡಿಸಿ. ‘ಟಿ’ ಅಕ್ಷರ ಅಂಕಿಯಷ್ಟೇ ದೊಡ್ಡದಿರಲಿ. ಅನುದಾನ ಬರಲಿ, ಟೆಂಡರ್ ಆಗಲಿ, ಮೇಲಿನವರ ಒಪ್ಪಿಗೆ ಸಿಗಲಿ ಎಂಬ ಉತ್ತರಗಳು ನನ್ನ ಕಡತದಲ್ಲಿ ಈಗಾಗಲೇ ಇವೆ, ಮತ್ತೆ ಕಳುಹಿಸುವ ಶ್ರಮ ಬೇಡ. ಫಲಕ ಹಾಕಿಸಿ. ಇಡೀ ಬಡಾವಣೆಗೆ ಆಗದಿದ್ದರೆ ಮೊದಲು ನಮ್ಮ ತಿರುವಿಗಾದರೂ ಹಾಕಿಸಿ.

ಸ್ಥಳ ಪರಿಶೀಲನೆಗೆ ತಾವೇ ಬರುವುದಾದರೆ ಹಿಂದಿನ ದಿನ ತಿಳಿಸಬೇಕೆಂದು ಕೋರುತ್ತೇನೆ. ತಮ್ಮ ಚಾಲಕರಿಗೆ ದಾರಿ ತೋರಿಸಲು ಟಾರ್ಚು ಹಿಡಿದು ಮುಖ್ಯರಸ್ತೆಯಲ್ಲಿ ನಿಂತಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
4ನೇ ‘ಟಿ’ ಬ್ಲಾಕ್‌ನ ಒಬ್ಬ ಗೃಹಿಣಿ